ಹಡಗು ಇಳಿಯುವುದಕ್ಕೂ ಮೂರು ದಿನ ಬೇಕು: ಉದ್ದದ ಕ್ರೂಸ್ ಮುಗಿಸಿ ಮನೆ ಸೇರುವ ಬಗೆ

ಬಾರ್ಸಿಲೋನಾದಲ್ಲಿ ಹಡಗು ಹತ್ತಲು ನಾವು ಆರು ತಿಂಗಳು ತಯಾರಿ ಮಾಡಿದ್ದೆವು. ವೀಸಾ, ಇನ್ಶೂರೆನ್ಸ್, ಮಾತ್ರೆ, ಚಟ್ನಿಪುಡಿ, ಎಲ್ಲಕ್ಕೂ ಒಂದೊಂದು ಪಟ್ಟಿ. ಇಳಿಯುವುದಕ್ಕೆ? ಏನೂ ಇಲ್ಲ. ಇಳಿಯೋದೇನು ಮಹಾ, ಬಾಗಿಲು ತೆಗೀತಾರೆ, ಹೋಗ್ತೀವಿ, ಅಷ್ಟೇ ಅಲ್ವಾ ಅಂದುಕೊಂಡಿದ್ದೆವು. 14 ರಾತ್ರಿ ಕಳೆದು ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ಇಳಿದಾಗ ನಮ್ಮ ಯಜಮಾನರ ಕಾಲಲ್ಲಿ ಇದ್ದದ್ದು ಕ್ಯಾಬಿನ್‌ನಲ್ಲಿ ಕೊಡುವ ಬಿಳಿ ಬಟ್ಟೆಯ ಚಪ್ಪಲಿ. ಶೂ ಎಲ್ಲಿತ್ತು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ನಾವು ಹೋಗಿದ್ದು ಅಟ್ಲಾಂಟಿಕ್ ದಾಟುವ ಕ್ರೂಸ್. ಬೇಸಿಗೆಯಲ್ಲಿ ಮೆಡಿಟರೇನಿಯನ್ ಸುತ್ತುವ ಹಡಗುಗಳು ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೆರಿಬಿಯನ್ ಕಡೆ ಹೊರಡುತ್ತವೆ. ಖಾಲಿ ಹೋಗುವ ಬದಲು ಜನರನ್ನು ಹತ್ತಿಸಿಕೊಂಡು ಹೋಗುತ್ತವೆ. ದಿನದ ಲೆಕ್ಕದಲ್ಲಿ ಟಿಕೆಟ್ ಅಗ್ಗ, ಹಾಗಾಗಿ ನಮ್ಮಂಥ ರಿಟೈರ್ ಆದವರೇ ಜಾಸ್ತಿ. ದಾರಿಯಲ್ಲಿ ಮೂರ್ನಾಲ್ಕು ಊರು, ಆಮೇಲೆ ಆರೇಳು ದಿನ ಬರೀ ನೀರು. ಇಷ್ಟು ದಿನ ಹಡಗಲ್ಲಿದ್ದರೆ ಅದು ಮನೆಯೇ ಆಗಿಬಿಡುತ್ತದೆ. ಮನೆ ಖಾಲಿ ಮಾಡಿದಷ್ಟೇ ಕೆಲಸ ಇಳಿಯುವಾಗಲೂ ಇರುತ್ತದೆ.

ಟಿಕೆಟ್ ಮಾಡಿಸುವಾಗಲೇ ನೋಡಬೇಕಾದ್ದು

ಮೊದಲು ವೀಸಾ. ಫ್ಲಾರಿಡಾದಲ್ಲಿ ಇಳಿದು ಅದೇ ದಿನ ವಿಮಾನ ಹತ್ತುತ್ತೇವೆ ಅಂದರೂ ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾ ಬೇಕೇ ಬೇಕು. ನಮಗೆ ಮಗನ ಮನೆಗೆ ಹೋಗಲು ಮಾಡಿಸಿದ ಹತ್ತು ವರ್ಷದ ವೀಸಾ ಇತ್ತು, ಅದೇ ಆಯಿತು. ಹತ್ತುವ ಕಡೆಗೆ ಷೆಂಗೆನ್ ವೀಸಾ ಬೇರೆ, ಅಂದರೆ ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ. ಎರಡರಲ್ಲಿ ಒಂದಿಲ್ಲದಿದ್ದರೂ ಹಡಗು ಹತ್ತಿಸಿಕೊಳ್ಳುವುದಿಲ್ಲ.

ಎರಡನೆಯದು ವಿಮಾನದ ಹೊತ್ತು. ಹಡಗು ಬೆಳಗ್ಗೆ ಐದು ಆರಕ್ಕೆಲ್ಲ ಬಂದರಿಗೆ ಬಂದು ನಿಂತಿರುತ್ತದೆ. ಹಾಗಂತ ಆರಕ್ಕೇ ಇಳಿಸುವುದಿಲ್ಲ. ಸಾಮಾನು ಕೆಳಗೆ ಹೋಗಬೇಕು, ಅಧಿಕಾರಿಗಳು ಒಪ್ಪಿಗೆ ಕೊಡಬೇಕು. ಏಳರಿಂದ ಒಂಬತ್ತೂವರೆ ತನಕ ತಂಡ ತಂಡವಾಗಿ ಬಿಡುತ್ತಾರೆ. ಮಂಜು ಬಿದ್ದರೆ, ಗಾಳಿ ಜೋರಾದರೆ ಹಡಗೇ ತಡ. ಬೆಳಗ್ಗೆ ಹತ್ತರ ವಿಮಾನಕ್ಕೆ ಟಿಕೆಟ್ ಮಾಡಿಸಿದವರು ಕೊನೆಯ ಎರಡು ದಿನ ಊಟ ಸೇರದೆ ಒದ್ದಾಡುವುದನ್ನು ಕಣ್ಣಾರೆ ನೋಡಿದ್ದೇನೆ. ಅಮೆರಿಕದ ಒಳಗಿನ ವಿಮಾನವಾದರೆ ಮಧ್ಯಾಹ್ನ ಒಂದರ ಮೇಲೆ ಇರಲಿ. ಭಾರತಕ್ಕೆ ಬರುವುದಾದರೆ ಸಂಜೆ ಅಥವಾ ರಾತ್ರಿ.

ವಯಸ್ಸು 60 ದಾಟಿದ್ದರೆ ನನ್ನ ಮಾತು ಕೇಳಿ, ಒಂದು ರಾತ್ರಿ ಅಲ್ಲೇ ಹೋಟೆಲಲ್ಲಿ ಉಳಿದು ಮಾರನೇ ದಿನ ಹೊರಡಿ. ನಾವು ದುಡ್ಡು ಉಳಿಸಲು ಅದೇ ದಿನದ ವಿಮಾನ ಹಿಡಿದೆವು. ಬೆಳಗ್ಗೆ ಐದಕ್ಕೆ ಎದ್ದು, ಮೂರು ಸಾಲಲ್ಲಿ ನಿಂತು, ಹನ್ನೆರಡು ಗಂಟೆ ಕಾದು, ಆಮೇಲೆ ಇಡೀ ರಾತ್ರಿ ವಿಮಾನದಲ್ಲಿ ಕೂರುವುದಿದೆಯಲ್ಲ, ಅದು ಮೂವತ್ತರ ಹುಡುಗರಿಗೆ ಸರಿ.

ಬೆಂಗಳೂರಿಗೆ ಫ್ಲಾರಿಡಾದಿಂದ ನೇರ ವಿಮಾನ ಇಲ್ಲ. ದೋಹಾ, ದುಬೈ ಕಡೆಯ ದೊಡ್ಡ ವಿಮಾನಗಳು ಸಿಗುವುದು ಮಯಾಮಿಯಿಂದ. ಫೋರ್ಟ್ ಲಾಡರ್‌ಡೇಲ್ ಊರಿನ ವಿಮಾನ ನಿಲ್ದಾಣ ಬಂದರಿನ ಪಕ್ಕದಲ್ಲೇ ಇದೆ, ಮೂರ್ನಾಲ್ಕು ಕಿಲೋಮೀಟರ್ ಅಷ್ಟೇ. ಮಯಾಮಿಯದ್ದು ಸುಮಾರು 45 ಕಿಲೋಮೀಟರ್. ಎರಡೂ ಒಂದೇ ಅಂದುಕೊಂಡು ಟ್ಯಾಕ್ಸಿ ಹತ್ತಬೇಡಿ. ಇನ್ನೊಂದು ವಿಷಯ. ನವೆಂಬರ್ ನಾಲ್ಕನೇ ಗುರುವಾರ ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಆ ವಾರದಲ್ಲಿ ವಿಮಾನ ನಿಲ್ದಾಣ ಅಂದರೆ ದಸರಾ ದಿನ ಮೈಸೂರು ಬಸ್ ಸ್ಟ್ಯಾಂಡ್ ಇದ್ದ ಹಾಗೆ.

ಮೂರು ದಿನ ಮೊದಲು: ಲೆಕ್ಕ, ಬಟ್ಟೆ, ತೂಕ

ಹಡಗಲ್ಲಿ ಯಾರೂ ಕೈಯಲ್ಲಿ ದುಡ್ಡು ಹಿಡಿದು ಓಡಾಡುವುದಿಲ್ಲ. ಕಾಫಿ, ವೈಫೈ, ಊರು ಸುತ್ತಿದ್ದು, ಎಲ್ಲ ಕ್ಯಾಬಿನ್ ಕಾರ್ಡಿಗೆ ಬರೆದುಕೊಳ್ಳುತ್ತಾರೆ. ಕೊನೆಯ ರಾತ್ರಿ ಅದನ್ನೆಲ್ಲ ಕೂಡಿ ನಿಮ್ಮ ಬ್ಯಾಂಕ್ ಕಾರ್ಡಿಂದ ಕಳೆಯುತ್ತಾರೆ. ಕ್ಯಾಬಿನ್ನಿನ ಟಿವಿಯಲ್ಲೋ ಆ್ಯಪಿನಲ್ಲೋ ಲೆಕ್ಕ ಯಾವಾಗ ಬೇಕಾದರೂ ನೋಡಬಹುದು. ಮೂರು ದಿನ ಮೊದಲೇ ನೋಡಿ. ನಮ್ಮ ಲೆಕ್ಕದಲ್ಲಿ ನಾವು ಮುಟ್ಟದ ಬಾದಾಮಿ ಪೊಟ್ಟಣ ಎರಡು ಸಲ ಬಂದಿತ್ತು. ನಮ್ಮ ಯಜಮಾನರು ಬ್ಯಾಂಕಲ್ಲಿ 34 ವರ್ಷ ದುಡಿದವರು, ಬಿಡುತ್ತಾರಾ? ಕೌಂಟರಿಗೆ ಹೋಗಿ ಕೇಳಿದರು, ಐದು ನಿಮಿಷದಲ್ಲಿ ತೆಗೆದುಹಾಕಿದರು. ಇದೇ ಕೆಲಸಕ್ಕೆ ಕೊನೆಯ ರಾತ್ರಿ ಹೋಗಿದ್ದರೆ ಸಾಲು ಲಿಫ್ಟಿನ ತನಕ ಇತ್ತು.

ಟಿಕೆಟ್ ಜೊತೆ ಖರ್ಚಿಗೆ ಅಂತ ಒಂದಿಷ್ಟು ಡಾಲರ್ ಕೊಟ್ಟಿದ್ದರೆ, ಉಳಿದದ್ದು ವಾಪಸ್ ಬರುತ್ತದೋ ಇಲ್ಲವೋ ಕೇಳಿ. ಎಷ್ಟೋ ಸಲ ಬರುವುದಿಲ್ಲ. ಬರುವುದಿಲ್ಲ ಅಂದರೆ ಮೊಮ್ಮಕ್ಕಳಿಗೆ ಟೀ ಶರ್ಟ್ ತಗೊಳ್ಳಿ, ಅಷ್ಟೇ. ಡೆಬಿಟ್ ಕಾರ್ಡ್ ಅಥವಾ ಮೊದಲೇ ವಿದೇಶಿ ದುಡ್ಡು ತುಂಬಿಸಿದ ಫಾರೆಕ್ಸ್ ಕಾರ್ಡ್ ಕೊಟ್ಟಿದ್ದರೆ ಇನ್ನೊಂದು ತೊಡಕು. ಹಡಗಿನವರು ಮುಂಚೆಯೇ ಒಂದಿಷ್ಟು ದುಡ್ಡನ್ನು ತಡೆದು ಇಟ್ಟಿರುತ್ತಾರೆ. ಬಿಲ್ ಕಟ್ಟಿದ ಮೇಲೂ ಅದು ಬಿಡುಗಡೆ ಆಗಲು ಕೆಲವು ದಿನ ಹಿಡಿಯುತ್ತದೆ. ಆ ದುಡ್ಡನ್ನೇ ನಂಬಿಕೊಂಡು ಹೋಟೆಲ್ ಬಾಡಿಗೆ ಕಟ್ಟಲು ಹೋದರೆ ಕಾರ್ಡ್ ನಡೆಯದೇ ಇರಬಹುದು. ಇಳಿದ ಮೇಲಿನ ಖರ್ಚಿಗೆ ಬೇರೆ ಕಾರ್ಡ್, ಜೊತೆಗೆ ನೂರು ಡಾಲರ್ ಚಿಲ್ಲರೆ ಇಟ್ಟುಕೊಳ್ಳಿ.

ಬಟ್ಟೆ ಒಗೆಯುವುದಿದ್ದರೆ ಅದೂ ಈಗಲೇ. ಕೊನೆಯ ದಿನ ಲಾಂಡ್ರಿಗೆ ಕೊಟ್ಟರೆ ವಾಪಸ್ ಬರುವ ಭರವಸೆ ಇಲ್ಲ. ಬಾತ್‌ರೂಮಿನಲ್ಲಿ ನೀವೇ ಹಿಂಡಿ ಹಾಕಿದರೆ ಒಣಗಲು ಎರಡು ದಿನ ಬೇಕು. ಸಮುದ್ರದ ಗಾಳಿ ಒದ್ದೆ ಗಾಳಿ. ಅರೆಬರೆ ಒಣಗಿದ ಬನಿಯನ್ ಸೂಟ್‌ಕೇಸಿಗೆ ಹಾಕಿದರೆ ಮನೆಯಲ್ಲಿ ತೆಗೆಯುವಾಗ ಮೂಗು ಮುಚ್ಚಿಕೊಳ್ಳಬೇಕು.

ಆಮೇಲೆ ತೂಕ. ಹಡಗಲ್ಲಿ ಸಾಮಾನಿನ ತೂಕವನ್ನು ಯಾರೂ ನೋಡುವುದಿಲ್ಲ, ಅದೇ ಮೋಸ. ಎರಡು ವಾರದಲ್ಲಿ ಒಂದೊಂದಾಗಿ ಸೇರಿದ ಸಾಮಾನು ವಿಮಾನದ 23 ಕಿಲೋ ಮುಂದೆ ನಿಂತಾಗ ಗೊತ್ತಾಗುತ್ತದೆ. ನಮ್ಮ ಹತ್ತಿರ ತೂಕದ ಕೊಕ್ಕೆ ಇರಲಿಲ್ಲ. ಬಫೆಯಲ್ಲಿ ಮೊಸರನ್ನಕ್ಕೆ ಮೊಸರು ಹುಡುಕುವಾಗ ಪರಿಚಯವಾದ ಹುಬ್ಬಳ್ಳಿಯ ಅಕ್ಕೋರು ದಾರಿ ಹೇಳಿದರು. "ಜಿಮ್‌ನಾಗ ತೂಕದ ಮಷೀನ್ ಐತಿ ನೋಡ್ರಿ. ಮೊದಲ ನೀವು ನಿಂದರ್ರಿ, ಆಮ್ಯಾಲೆ ಬ್ಯಾಗ್ ಹಿಡ್ಕೊಂಡು ನಿಂದರ್ರಿ, ಕಳೀರಿ." ಸರಿ, ಹೋಗಿ ನಿಂತೆ. ಹಡಗು ಏಳುವಾಗ ಒಂದು ತೂಕ, ಇಳಿಯುವಾಗ ಇನ್ನೊಂದು! ಮೂರು ಸಲ ನೋಡಿ ನಡುವಿನದ್ದು ಹಿಡಿದೆವು. ಸೂಟ್‌ಕೇಸ್ ಸುಮಾರು 26 ಕಿಲೋ. ನಾನು ಎಷ್ಟು ಹೆಚ್ಚಿದ್ದೆ ಅನ್ನುವುದು ಇಲ್ಲಿ ಬೇಡ.

ವೀಲ್‌ಚೇರ್ ಬೇಕಾದವರು ಇದೇ ಹೊತ್ತಿಗೆ ಕೌಂಟರಿನಲ್ಲಿ ಹೆಸರು ಬರೆಸಬೇಕು. ಹಡಗಿಂದ ಇಳಿಯುವುದಕ್ಕೆ ಒಮ್ಮೆ, ವಿಮಾನದವರಿಗೆ ಬೇರೆ ಒಮ್ಮೆ. ಒಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ತಾನಾಗಿ ಗೊತ್ತಾಗುವುದಿಲ್ಲ.

ಕೊನೆಯ ರಾತ್ರಿ: ಬಾಗಿಲ ಹೊರಗೆ ಏನು, ಒಳಗೆ ಏನು

ಇಡೀ ಲೇಖನದಲ್ಲಿ ಇದೊಂದನ್ನು ಸರಿಯಾಗಿ ಓದಿದರೂ ಸಾಕು.

ಇಳಿಯಲು ಎರಡು ದಾರಿ ಇವೆ. ನಿಮ್ಮ ಸಾಮಾನನ್ನು ನೀವೇ ಎಳೆದುಕೊಂಡು ಎಲ್ಲರಿಗಿಂತ ಮೊದಲು ಇಳಿಯುವುದು ಒಂದು. ಎಲ್ಲ ಪೆಟ್ಟಿಗೆಯನ್ನೂ ಒಬ್ಬರೇ ಹೊತ್ತು, ಉದ್ದದ ಇಳಿಜಾರು ಹಲಗೆ ದಾಟಬಲ್ಲವರಿಗೆ ಮಾತ್ರ ಅದು. ಲಿಫ್ಟ್ ಸಿಗುತ್ತದೆ ಅಂತ ನಂಬಬೇಡಿ, ಆ ಬೆಳಗ್ಗೆ ಪ್ರತಿ ಲಿಫ್ಟೂ ತುಂಬಿಕೊಂಡೇ ಬರುತ್ತದೆ. ಇನ್ನೊಂದು ದಾರಿ, ಹಿಂದಿನ ರಾತ್ರಿಯೇ ಸೂಟ್‌ಕೇಸನ್ನು ಕ್ಯಾಬಿನ್ ಬಾಗಿಲ ಹೊರಗೆ ಇಡುವುದು. ಹಡಗಿನವರೇ ಒಯ್ದು ಬಂದರಿನ ಹಾಲ್‌ನಲ್ಲಿ ಸಾಲಾಗಿ ಜೋಡಿಸುತ್ತಾರೆ. ನಾವು ಆರಿಸಿದ್ದು ಇದನ್ನೇ.

ಕ್ಯಾಬಿನ್ ಹುಡುಗ ಒಂದೆರಡು ದಿನ ಮೊದಲೇ ಬಣ್ಣದ ಕಾಗದದ ಟ್ಯಾಗ್ ತಂದಿಟ್ಟಿರುತ್ತಾನೆ. ಅದರ ಮೇಲೆ ದೊಡ್ಡದಾಗಿ ಒಂದು ನಂಬರ್. ಅದೇ ನಿಮ್ಮ ಸರದಿಯ ನಂಬರ್, ಅದೇ ಹಾಲ್‌ನಲ್ಲಿ ಸಾಮಾನು ಹುಡುಕುವ ನಂಬರ್. ಕೊಟ್ಟಿರುವ ಸರದಿ ವಿಮಾನಕ್ಕೆ ಹೊಂದುವುದಿಲ್ಲ ಅಂದರೆ ಕೌಂಟರಿಗೆ ಹೋಗಿ ಬದಲಾಯಿಸಿಕೊಳ್ಳಬಹುದು. ಹಿಡಿಕೆಗೆ ಸುತ್ತಿ ಅಂಟಿಸಿ. ಟ್ಯಾಗಿನ ಫೋಟೋ ತೆಗೆದುಕೊಳ್ಳಿ, ಸೂಟ್‌ಕೇಸಿನದ್ದೂ. ಸೂಟ್‌ಕೇಸ್ ಒಳಗೆ ಹೆಸರು, ಫೋನ್ ನಂಬರ್ ಬರೆದ ಚೀಟಿ ಇರಲಿ, ಯಾಕೆಂದರೆ ಕಾಗದದ ಟ್ಯಾಗ್ ಹರಿಯುತ್ತದೆ. ನಮ್ಮದರಲ್ಲಿ ಒಂದು ಹರಿದೇ ಹೋಗಿತ್ತು.

ಆ ರಾತ್ರಿ ಹತ್ತು, ಹನ್ನೊಂದರ ಒಳಗೆ ಪೆಟ್ಟಿಗೆ ಹೊರಗಿರಬೇಕು. ಹೋದದ್ದು ಹೋಯಿತು. ಬೆಳಗ್ಗೆ ಬಂದರಿನ ಹಾಲ್ ತನಕ ಅದು ನಿಮಗೆ ಸಿಗುವುದಿಲ್ಲ. ಆದ್ದರಿಂದ ಕೈಚೀಲದಲ್ಲಿ ಏನಿರಬೇಕು ಅನ್ನುವುದನ್ನು ಮೊದಲು ಹೊಂದಿಸಿ, ಉಳಿದದ್ದನ್ನು ಆಮೇಲೆ ತುಂಬಿ. ಎಲ್ಲರೂ ತಿರುಗಾಮುರುಗಾ ಮಾಡುತ್ತಾರೆ. ಪಾಸ್‌ಪೋರ್ಟ್, ವಿಮಾನದ ಟಿಕೆಟ್ ಕಾಗದದ ಮೇಲೆ, ಎರಡು ದಿನದ ಮಾತ್ರೆ, ಕನ್ನಡಕ, ಹಲ್ಲಿನ ಸೆಟ್ ಇದ್ದರೆ ಅದರ ಡಬ್ಬಿ, ಫೋನ್ ಚಾರ್ಜರ್, ಒಡವೆ, ದುಡ್ಡು, ಬ್ರಷ್ಷು, ಬೆಳಗ್ಗೆ ಹಾಕಿಕೊಳ್ಳುವ ಬಟ್ಟೆ ಒಳಗಿನದ್ದೂ ಸೇರಿ, ಒಂದು ಶಾಲು. ಇನ್ಸುಲಿನ್ ತಗೊಳ್ಳುವವರು ಅದನ್ನು ಯಾವ ಕಾರಣಕ್ಕೂ ಹೊರಗಿನ ಪೆಟ್ಟಿಗೆಗೆ ಹಾಕಬೇಡಿ.

ಮತ್ತೆ ಶೂ.

ಬೆಳಗ್ಗೆ ಆರಕ್ಕೆ ನಾನು ಸೀರೆ ಉಟ್ಟು ತಯಾರಾಗಿ ನಿಂತಿದ್ದೆ. ಇವರು ಮಂಚದ ಕೆಳಗೆ ಬಗ್ಗಿ ನೋಡುತ್ತಿದ್ದರು.

"ಏನ್ರೀ ಹುಡುಕ್ತಿದ್ದೀರಿ?"

"ಶೂ ಕಣೇ."

"ಒಂದೇ ಜೊತೆ ಇತ್ತಲ್ರೀ, ಎಲ್ಲಿಟ್ರಿ?"

ಸ್ವಲ್ಪ ಹೊತ್ತು ಮಾತಿಲ್ಲ. "ಸೂಟ್‌ಕೇಸಲ್ಲಿ ಮೂಲೇಲಿ ಜಾಗ ಉಳಿದಿತ್ತು. ಸುಮ್ನೆ ಯಾಕೆ ಖಾಲಿ ಬಿಡೋದು ಅಂತ ಹಾಕ್ಬಿಟ್ಟೆ."

ಹಾಕುವಾಗ ಕಾಲಲ್ಲಿ ಆ ಬಿಳಿ ಚಪ್ಪಲಿ ಇತ್ತಂತೆ, ಗೊತ್ತಾಗಲಿಲ್ಲವಂತೆ. ಪ್ಯಾಂಟು, ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಸ್ನಾನದ ಮನೆ ಚಪ್ಪಲಿ. ಆ ವೇಷದಲ್ಲೇ ಅಮೆರಿಕ ಪ್ರವೇಶ ಆಯಿತು.

ತಿಂಡಿ ವಿಷಯವನ್ನೂ ಆ ರಾತ್ರಿಯೇ ತೀರ್ಮಾನ ಮಾಡಿ. ಬಫೆಯಿಂದ ಸೇಬು, ಬಾಳೆಹಣ್ಣು, ಸ್ಯಾಂಡ್‌ವಿಚ್ ದಾರಿಗೆ ಅಂತ ಚೀಲಕ್ಕೆ ಹಾಕಿಕೊಳ್ಳುವ ಅಭ್ಯಾಸ ನಮಗೆಲ್ಲ ಇದೆ. ಇಲ್ಲಿ ಬೇಡ. ಹಣ್ಣು, ತರಕಾರಿ, ಮಾಂಸ ಅಮೆರಿಕದ ಒಳಗೆ ತರುವುದಕ್ಕೆ ಕಟ್ಟುನಿಟ್ಟು. ವಾಸನೆ ಹಿಡಿಯುವ ನಾಯಿಗಳೂ ಇರುತ್ತವೆ, ಹೇಳದೆ ತಂದರೆ ದಂಡ ಬೀಳಬಹುದು. ಉಳಿದ ಚಟ್ನಿಪುಡಿ, ಉಪ್ಪಿನಕಾಯಿ ಇದ್ದರೆ ಕೇಳಿದಾಗ ಇದೆ ಅಂತ ಹೇಳಿಬಿಡಿ. ಹೇಳಿದವರಿಗೆ ದಂಡ ಇಲ್ಲ. ಬೇಡ ಅಂದರೆ ಡಬ್ಬಿ ಹೋಗುತ್ತದೆ, ಅಷ್ಟೇ.

ಇನ್ನೊಂದು ಸಣ್ಣ ವಿಷಯ, ಆದರೆ ಬಹಳ ಜನ ಎಡವುವುದು ಇಲ್ಲೇ. ಪಶ್ಚಿಮಕ್ಕೆ ಹೋಗುವಾಗ ಹಡಗಲ್ಲಿ ಕೆಲವು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ದಿನಗಳಿಗೆಲ್ಲ 25 ಗಂಟೆ. ಏರೋಪ್ಲೇನ್ ಮೋಡ್‌ನಲ್ಲಿರುವ ಫೋನು ಇದನ್ನು ತಾನಾಗಿ ತಿಳಿದುಕೊಳ್ಳದೇ ಇರಬಹುದು. ಅಲಾರಾಂ ಇಡುವ ಮೊದಲು ಕ್ಯಾಬಿನ್ನಿನ ಟಿವಿ ಅಥವಾ ಫೋನಿನಲ್ಲಿ ಹಡಗಿನ ಹೊತ್ತು ನೋಡಿ.

ಇಳಿಯುವ ಬೆಳಗ್ಗೆ

ಎಂಟರ ಹೊತ್ತಿಗೆ ಕ್ಯಾಬಿನ್ ಬಿಟ್ಟುಕೊಡಬೇಕು. ಅದೇ ಮಧ್ಯಾಹ್ನ ಬೇರೆ ಜನ ಹತ್ತುತ್ತಾರೆ, ಕೆಲಸದವರಿಗೆ ಪುರುಸೊತ್ತಿಲ್ಲ. ಬಿಡುವ ಮೊದಲು ಮೂರು ಜಾಗ ನೋಡಿ: ತಿಜೋರಿ, ಬಾತ್‌ರೂಮಿನ ಬಾಗಿಲ ಹಿಂದಿನ ಕೊಕ್ಕೆ, ಮಂಚದ ಪಕ್ಕದ ಪ್ಲಗ್. ತಿಜೋರಿ ಬಾಗಿಲನ್ನು ತೆರೆದೇ ಬಿಟ್ಟು ಬನ್ನಿ, ಆಗ ಒಳಗೆ ಏನೂ ಇಲ್ಲ ಅನ್ನುವುದು ಖಾತ್ರಿ. ಎರಡು ವಾರ ಹಾಸಿಗೆ ಹಾಸಿದ ಹುಡುಗನಿಗೆ ಕೊಡಬೇಕು ಅನ್ನಿಸಿದ್ದನ್ನು ಹಿಂದಿನ ರಾತ್ರಿಯೇ ಕವರಿನಲ್ಲಿ ಹಾಕಿ ಕೈಗೆ ಕೊಟ್ಟಿರಿ. ಬೆಳಗ್ಗೆ ಅವನು ಸಿಗುವುದೇ ಕಷ್ಟ.

ಬಫೆಯಲ್ಲಿ ಆ ದಿನ ಕೂರಲು ಜಾಗ ಸಿಗುವುದಿಲ್ಲ. ಕೆಳಗಿನ ದೊಡ್ಡ ಊಟದ ಮನೆ ತೆರೆದಿದ್ದರೆ ಅಲ್ಲಿಗೆ ಹೋಗಿ, ಖಾಲಿ ಇರುತ್ತದೆ. ಹೊಟ್ಟೆ ತುಂಬ ತಿನ್ನಿ. ಮುಂದಿನ ಊಟ ಯಾವಾಗ, ಎಲ್ಲಿ ಅನ್ನುವುದು ಗೊತ್ತಿರುವುದಿಲ್ಲ. ಆಮೇಲೆ ನಿಮ್ಮ ನಂಬರ್ ಕರೆಯುವ ತನಕ ಲೌಂಜಲ್ಲೋ ಥಿಯೇಟರಿನಲ್ಲೋ ಕುಳಿತಿರಿ. ನಂಬರ್ ಕರೆಯದೆ ಬಾಗಿಲ ಹತ್ತಿರ ಹೋಗಿ ಗುಂಪು ಕಟ್ಟಿದರೆ ಲಾಭ ಏನೂ ಇಲ್ಲ, ಮೆಟ್ಟಿಲ ಮೇಲೆ ನಿಂತು ಕಾಲು ನೋವು ಅಷ್ಟೇ.

ಕ್ಯಾಬಿನ್ ಕಾರ್ಡ್ ಕೈಯಲ್ಲೇ ಇರಲಿ. ಬಾಗಿಲಲ್ಲಿ ಕೊನೆಯ ಸಲ ಅದನ್ನು ತೋರಿಸಬೇಕು. 'ಪೀಂ' ಅಂತ ಒಂದು ಸದ್ದು ಬರುತ್ತದೆ. ಅದಾದ ಮೇಲೆ ಕನ್ನಡಕ ಮರೆತೆ ಅಂದರೂ ಒಳಗೆ ಬಿಡುವುದಿಲ್ಲ.

ಬಂದರಿನ ಹಾಲ್‌ನಲ್ಲಿ

ಪೋರ್ಟ್ ಎವರ್‌ಗ್ಲೇಡ್ಸ್ ಅಂತ ಆ ಬಂದರಿನ ಹೆಸರು. ಗೋಡೌನಿನಷ್ಟು ದೊಡ್ಡ ಹಾಲ್, ಮೇಲೆ ನಂಬರ್ ಹಲಗೆಗಳು, ಕೆಳಗೆ ಸಾವಿರಾರು ಸೂಟ್‌ಕೇಸು. ಅದರಲ್ಲಿ ಅರ್ಧಕ್ಕರ್ಧ ಕಪ್ಪು. ನಮ್ಮದೂ ಕಪ್ಪು. ಆದರೆ ಹೊರಡುವ ಮೊದಲು ನಾನು ಒಂದು ಹಳೆಯ ಸೀರೆಯ ಅಂಚನ್ನು ಹರಿದು ಹಿಡಿಕೆಗಳಿಗೆ ಕಟ್ಟಿದ್ದೆ. ಅರಿಶಿನ ಬಣ್ಣ, ಕೆಂಪು ಗೀಟು. ಟ್ಯಾಗ್ ಹರಿದುಹೋದ ಸೂಟ್‌ಕೇಸ್ ನಮ್ಮ 14ನೇ ನಂಬರಿನಲ್ಲಿ ಇರಲಿಲ್ಲ. ಹಾಲ್‌ನ ಆ ತುದಿಯಲ್ಲಿ, ನಂಬರ್ ಇಲ್ಲದವುಗಳ ಗುಂಪಿನಲ್ಲಿ ಆ ಅರಿಶಿನ ಅಂಚು ದೂರದಿಂದಲೇ ಕಂಡಿತು. ಶೂ ಇದ್ದದ್ದೂ ಅದರಲ್ಲೇ. ಅಲ್ಲೇ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ಅಡಿಯಿಂದ ಶೂ ಎಳೆದು ಹಾಕಿಕೊಂಡರು. ಕೂಲಿಯವರು ಸಿಗುತ್ತಾರೆ, ಪೆಟ್ಟಿಗೆಗೆ ಒಂದೆರಡು ಡಾಲರ್ ಕೊಟ್ಟರೆ ಹೊರಗಿನ ತನಕ ತಳ್ಳಿಕೊಂಡು ಬರುತ್ತಾರೆ.

ಇಮಿಗ್ರೇಷನ್‌ನಲ್ಲಿ ಅಮೆರಿಕದವರು ಕ್ಯಾಮೆರಾ ಮುಂದೆ ಮುಖ ತೋರಿಸಿ ನಡೆದುಬಿಡುತ್ತಾರೆ. ಅವರನ್ನು ನೋಡಿ ನಮ್ಮದೂ ಅಷ್ಟೇ ಅಂದುಕೊಳ್ಳಬೇಡಿ. ವೀಸಾದಲ್ಲಿ ಬಂದವರನ್ನು ಅಧಿಕಾರಿ ಎದುರಿಗೆ ನಿಲ್ಲಿಸಿ ಕೇಳುತ್ತಾರೆ, ಬೆರಳಚ್ಚು ತೆಗೆಯುತ್ತಾರೆ. ಎಷ್ಟು ದಿನ ಇರುತ್ತೀರಿ, ವಾಪಸ್ ಟಿಕೆಟ್ ಎಲ್ಲಿ, ತಿನ್ನುವುದು ಏನಾದರೂ ತಂದಿದ್ದೀರಾ. ಟಿಕೆಟ್ ಕಾಗದದ ಮೇಲೆ ಇರಲಿ ಅಂದಿದ್ದು ಇದಕ್ಕೇ. ಫೋನಲ್ಲಿ ಹುಡುಕುವಷ್ಟರಲ್ಲಿ ಕೈ ನಡುಗುತ್ತದೆ, ಹಿಂದಿನವರು ಗೊಣಗುತ್ತಾರೆ.

ಅಲ್ಲೇ ಮಕ್ಕಳ ಮನೆಯಲ್ಲಿ ಕೆಲವು ತಿಂಗಳು ಉಳಿಯುವವರು ಒಂದು ಕೆಲಸ ಮರೆಯಬಾರದು. ಒಳಗೆ ಬಂದ ಮೇಲೆ ಐ-94 ಅನ್ನುವ ದಾಖಲೆಯನ್ನು ಅಮೆರಿಕದ ಕಸ್ಟಮ್ಸ್ ಇಲಾಖೆಯ ವೆಬ್‌ಸೈಟಿನಲ್ಲಿ ತೆಗೆದು ನೋಡಿ. ಎಲ್ಲಿಯ ತನಕ ಇರಬಹುದು ಅನ್ನುವ ತಾರೀಕು ಅದರಲ್ಲಿರುತ್ತದೆ. ಲೆಕ್ಕಕ್ಕೆ ಬರುವುದು ಆ ತಾರೀಕು, ವೀಸಾ ಮುಗಿಯುವ ತಾರೀಕಲ್ಲ. ಹೆಸರಿನಲ್ಲಿ, ಪಾಸ್‌ಪೋರ್ಟ್ ನಂಬರಿನಲ್ಲಿ ತಪ್ಪಿದ್ದರೆ ಅದೇ ವಾರ ಮಕ್ಕಳಿಗೆ ಹೇಳಿ ಸರಿಪಡಿಸಿಕೊಳ್ಳಿ.

ರಾತ್ರಿ ವಿಮಾನ, ಈಗಿನ್ನೂ ಹತ್ತು ಗಂಟೆ

ಸೀದಾ ವಿಮಾನ ನಿಲ್ದಾಣಕ್ಕೆ ಹೋದರೆ ಆಗುವುದೇನೆಂದರೆ, ಸಾಮಾನು ತೆಗೆದುಕೊಳ್ಳುವ ಕೌಂಟರ್ ವಿಮಾನ ಹೊರಡುವ ಮೂರ್ನಾಲ್ಕು ಗಂಟೆ ಮೊದಲಷ್ಟೇ ತೆರೆಯುತ್ತದೆ. ಅಲ್ಲಿಯ ತನಕ ನಾಲ್ಕು ಪೆಟ್ಟಿಗೆ ಕಾವಲು. ಟಾಯ್ಲೆಟ್ಟಿಗೂ ಸರದಿ. ನಾವು ಮಾಡಿದ್ದು ಇದನ್ನೇ, ನೀವು ಮಾಡಬೇಡಿ.

ಇದಕ್ಕಿಂತ ಒಳ್ಳೆಯ ದಾರಿ ಹುಬ್ಬಳ್ಳಿಯವರದ್ದು. ಇಳಿಯುವ ದಿನಕ್ಕೆ ಅಂತಲೇ ಹಡಗಿನವರು ಸುತ್ತಾಟ ಮಾರುತ್ತಾರೆ. ಬಸ್ಸಿನಲ್ಲಿ ಸಾಮಾನು ಹಾಕಿಕೊಂಡು, ಎವರ್‌ಗ್ಲೇಡ್ಸ್ ಜೌಗಿನಲ್ಲಿ ಫ್ಯಾನ್ ದೋಣಿಯಲ್ಲಿ ಮೊಸಳೆ ತೋರಿಸಿ, ಮಧ್ಯಾಹ್ನ ವಿಮಾನ ನಿಲ್ದಾಣದಲ್ಲಿ ಬಿಡುತ್ತಾರೆ. ದುಡ್ಡಾಗುತ್ತದೆ ನಿಜ, ಆದರೆ ಪೆಟ್ಟಿಗೆ ಕಾಯುವ ಕೆಲಸ ತಪ್ಪುತ್ತದೆ. ಸುಸ್ತಾಗಿದ್ದರೆ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಲ್ಲಿ ಹಗಲಿಗೆ ಮಾತ್ರ ರೂಮ್ ಸಿಗುತ್ತದಾ ಕೇಳಿ.

ಹಡಗಲ್ಲಿ ಕೊಂಡ ಬಾಟಲಿ, ದೊಡ್ಡ ಶ್ಯಾಂಪೂ, ಸೆಂಟು ಎಲ್ಲ ಈಗ ಕೈಚೀಲದಿಂದ ಸೂಟ್‌ಕೇಸಿಗೆ ಹೋಗಬೇಕು. ವಿಮಾನದಲ್ಲಿ ಕೈಚೀಲಕ್ಕೆ 100 ಮಿಲಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ಭಾರತದೊಳಗೆ ಒಬ್ಬರಿಗೆ ಎರಡು ಲೀಟರ್ ಮದ್ಯದ ತನಕ ಸುಂಕ ಇಲ್ಲ. ತಂದುಕೊಡಿ ಅಂತ ಹೇಳಿದ ನೆಂಟರಿಗೂ ಇದನ್ನೇ ಹೇಳಿ.

ನೆಲ ತೂಗುತ್ತಿದೆ, ಹೆದರಬೇಡಿ

ಇದರ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ. ವಿಮಾನ ನಿಲ್ದಾಣದ ಟಾಯ್ಲೆಟ್ಟಿನಲ್ಲಿ ಮುಖ ತೊಳೆಯಲು ಕಣ್ಣು ಮುಚ್ಚಿದೆ, ನೆಲ ಮೆಲ್ಲಗೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಭೂಕಂಪ ಅಂದುಕೊಂಡು ಸಿಂಕ್ ಹಿಡಿದುಕೊಂಡೆ. ಪಕ್ಕದಲ್ಲಿದ್ದವರು ಆರಾಮಾಗಿ ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಿದ್ದರು.

ಹಡಗಿನ ತೂಗಾಟಕ್ಕೆ ಎರಡು ವಾರದಲ್ಲಿ ಮಿದುಳು ಹೊಂದಿಕೊಂಡುಬಿಡುತ್ತದೆ. ತೂಗಾಟ ಬರುವ ಮೊದಲೇ ಅದಕ್ಕೆ ತಕ್ಕ ಹಾಗೆ ಮೈ ಸರಿಮಾಡುತ್ತಿರುತ್ತದೆ. ನೆಲಕ್ಕೆ ಬಂದ ಮೇಲೂ ಆ ಅಭ್ಯಾಸ ಬಿಡುವುದಿಲ್ಲ. ಅದಕ್ಕೇ ನಿಂತ ನೆಲ ತೂಗಿದ ಹಾಗೆ ಅನ್ನಿಸುತ್ತದೆ. ಬಹಳ ಜನರಿಗೆ ಒಂದೆರಡು ದಿನದಲ್ಲಿ ಹೋಗುತ್ತದೆ. ವಿಚಿತ್ರ ಅಂದರೆ ವಾಹನದಲ್ಲಿ ಕೂತಾಗ ಆರಾಮ, ಇಳಿದರೆ ಮತ್ತೆ ಶುರು. ಬೆಂಗಳೂರಿನಿಂದ ಮೈಸೂರಿಗೆ ಫ್ಲೈಬಸ್ಸಿನಲ್ಲಿ ಬರುವಾಗ ನಾಲ್ಕೈದು ಗಂಟೆ ನನಗೆ ಏನೂ ಆಗಲಿಲ್ಲ. ಮನೆಗೆ ಬಂದು ಅಡುಗೆಮನೆ ಕಟ್ಟೆಯ ಮುಂದೆ ನಿಂತೆ ನೋಡಿ, ಕಾಫಿ ಫಿಲ್ಟರೇ ಆಚೆ ಈಚೆ ಹೋದ ಹಾಗಾಯಿತು.

ಆ ದಿನಗಳಲ್ಲಿ ಸ್ಕೂಟರ್ ಬೇಡ, ಏಣಿ ಹತ್ತುವುದು ಬೇಡ, ಸ್ನಾನ ಮಾಡುವಾಗ ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಳ್ಳುವಾಗ ಗೋಡೆ ಹಿಡಿದುಕೊಳ್ಳಿ. ಸಮುದ್ರದ ವಾಂತಿಗೆ ತಗೊಳ್ಳುವ ಮಾತ್ರೆಗಳು ಇದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ನಡೆದಾಡಿ, ನಿದ್ದೆ ಮಾಡಿ, ಸಾಕು. ತಿಂಗಳಾದರೂ ಹೋಗದಿದ್ದರೆ ಕಿವಿಯ ಡಾಕ್ಟರನ್ನೋ ನರದ ಡಾಕ್ಟರನ್ನೋ ಕಾಣಬೇಕು. ನಡುವಯಸ್ಸಿನ ಹೆಂಗಸರಲ್ಲಿ ಹೀಗೆ ಉಳಿದುಬಿಡುವುದು ಜಾಸ್ತಿ. ಹಡಗಲ್ಲಿ ಇದ್ದು ಬಂದೆ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಅವರು ಬಿಪಿ, ಕತ್ತಿನ ಮೂಳೆ ಅಂತ ಹುಡುಕುತ್ತಾ ಕೂರುತ್ತಾರೆ. ಆದರೆ ಮಾತು ತೊದಲಿದರೆ, ಒಂದು ಕಡೆ ಕೈಕಾಲು ಬಲ ಕಳೆದುಕೊಂಡರೆ ಅದು ಹಡಗಿನ ತೂಗಾಟವಲ್ಲ, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಬಂದ ಎರಡು ವಾರದೊಳಗೆ ಜ್ವರ, ಕೆಮ್ಮು ಬಂದರೂ ಹಡಗಿನ ವಿಷಯ ಡಾಕ್ಟರಿಗೆ ತಿಳಿಸಿ.

ನಿದ್ದೆಯದ್ದು ಬೇರೆ ಕಥೆ. ಹೋಗುವಾಗ ಹೊತ್ತು ಒಂದೊಂದೇ ಗಂಟೆ ಹಿಂದೆ ಹೋಗಿದ್ದರಿಂದ ಮೈಗೆ ಗೊತ್ತೇ ಆಗಿರಲಿಲ್ಲ. ಬರುವಾಗ ಒಂದೇ ದಿನದಲ್ಲಿ ಹತ್ತೂವರೆ ಗಂಟೆ ಮುಂದಕ್ಕೆ. ನಾಲ್ಕೈದು ದಿನ ಮಧ್ಯಾಹ್ನ ಕಣ್ಣು ಎಳೆಯುತ್ತದೆ. ಮಲಗಲೇಬೇಕು ಅಂದರೆ ಅರ್ಧ ಗಂಟೆಗೆ ಅಲಾರಾಂ ಇಟ್ಟು ಮಲಗಿ. ಬೆಳಗ್ಗೆ ಬಿಸಿಲಿಗೆ ಹೊರಗೆ ಬನ್ನಿ. ರಾತ್ರಿ ಮೂರಕ್ಕೆ ಎಚ್ಚರ ಆಯಿತು ಅಂತ ಫೋನ್ ಹಿಡಿದು ಕೂರಬೇಡಿ.

ಮನೆಯ ಬಾಗಿಲು ತೆಗೆದ ಮೇಲೆ

ಮೂರು ವಾರ ಮುಚ್ಚಿದ ಮನೆಗೆ ಒಂದು ವಾಸನೆ ಇರುತ್ತದೆ. ಮೊದಲು ಕಿಟಕಿಗಳನ್ನೆಲ್ಲ ತೆಗೆಯಿರಿ. ಗ್ಯಾಸ್ ವಾಸನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಲೈಟ್ ಹಾಕಿ. ನಲ್ಲಿಗಳನ್ನು ಸ್ವಲ್ಪ ಹೊತ್ತು ಬಿಡಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಬಾತ್‌ರೂಮಿನ ಜಾಲರಿಗೆ ಒಂದು ಬಕೆಟ್ ನೀರು ಸುರಿಯಿರಿ. ಅಲ್ಲಿ ನಿಂತ ನೀರು ಆರಿದ್ದರಿಂದಲೇ ಮೋರಿ ವಾಸನೆ ಒಳಗೆ ಬಂದಿರುತ್ತದೆ.

ಸೂಟ್‌ಕೇಸನ್ನು ಮಂಚದ ಮೇಲೆ ಇಡಬೇಡಿ. ಟೆರೇಸಿಗೆ ಒಯ್ದು ಬಿಚ್ಚಿ, ಹೊಲಿಗೆಯ ಸಂದುಗಳಲ್ಲಿ ತಿಗಣೆ ಇದೆಯಾ ನೋಡಿ, ಬಿಸಿಲಿಗೆ ಬಿಡಿ. ಬಟ್ಟೆ ಸೀದಾ ಒಗೆಯಲು ಹೋಗಲಿ, ಹಾಕಿಕೊಂಡಿರದಿದ್ದರೂ.

ಊಟಕ್ಕೆ ಅನ್ನ, ತಿಳಿಸಾರು. ಹದಿನಾಲ್ಕು ದಿನ ಹೊತ್ತು ಗೊತ್ತಿಲ್ಲದೆ ತಿಂದ ಹೊಟ್ಟೆಗೆ ಅದೇ ಔಷಧಿ. ಮೊಸರಿಗೆ ಮಾತ್ರ ನಮಗೆ ದಾರಿ ಇರಲಿಲ್ಲ, ಹೆಪ್ಪು ಹಾಕಲು ಮನೆಯಲ್ಲಿ ಒಂದು ಚಮಚ ಮೊಸರೂ ಇಲ್ಲ. ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋದೆ. ಹೊರಡುವಾಗಲೇ ಹೇಳಿ ಹೋಗಿದ್ದರೆ ಅವರೇ ತಂದಿಡುತ್ತಿದ್ದರಂತೆ. ಹಾಲು, ಪೇಪರ್ ಯಾವತ್ತಿನಿಂದ ಬೇಕು ಅನ್ನುವುದರ ಜೊತೆ ಇದನ್ನೂ ಹೇಳಿಟ್ಟು ಹೋಗಿ.

ಒಂದು ತಿಂಗಳ ತನಕ ಕಾರ್ಡಿನ ಸ್ಟೇಟ್‌ಮೆಂಟ್ ನೋಡುತ್ತಿರಿ. ಇಳಿದ ಮೇಲೂ ಹಡಗಿನಿಂದ ಒಂದೊಂದು ಸಣ್ಣ ಖರ್ಚು ಬಂದು ಸೇರುವುದುಂಟು. ಕೊನೆಯ ರಾತ್ರಿಯ ಬಿಲ್ ಕಾಗದ ಇದ್ದರೆ ಹೋಲಿಸಿ ಕೇಳಬಹುದು. ವಿಮಾನದ ಬೋರ್ಡಿಂಗ್ ಪಾಸನ್ನೂ ಎಸೆಯಬೇಡಿ. ಅಮೆರಿಕ ಬಿಡುವಾಗ ಪಾಸ್‌ಪೋರ್ಟಿಗೆ ಸೀಲ್ ಹಾಕುವುದಿಲ್ಲ, ಹೊತ್ತಿಗೆ ಸರಿಯಾಗಿ ಹೊರಟೆವು ಅನ್ನುವುದಕ್ಕೆ ನಮ್ಮ ಕೈಯಲ್ಲಿ ಉಳಿಯುವ ಕಾಗದಗಳಲ್ಲಿ ಅದೂ ಒಂದು.

ಸೂಟ್‌ಕೇಸನ್ನು ಅಟ್ಟಕ್ಕೆ ಹಾಕುವ ಮೊದಲು ಹಡಗಿನ ಟ್ಯಾಗು, ವಿಮಾನದ ಟ್ಯಾಗು, ಪಕ್ಕಕ್ಕೆ ಅಂಟಿಸಿದ ಪುಟ್ಟ ಬಾರ್‌ಕೋಡ್ ಚೀಟಿ ಎಲ್ಲವನ್ನೂ ಕಿತ್ತುಹಾಕಿ. ಮುಂದಿನ ಸಲ ಮಷೀನು ಹಳೆಯದ್ದನ್ನು ಓದಿ ಪೆಟ್ಟಿಗೆಯನ್ನು ಬೇರೆಲ್ಲೋ ಕಳಿಸಬಹುದು. ಸೀರೆಯ ಅಂಚನ್ನು ಮಾತ್ರ ನಾನು ಬಿಚ್ಚಿಲ್ಲ.